ನಾಲ್ವರಲ್ಲಿ ಒಬ್ಬಳು

ಜೂನ್ 3, ಸೋಮವಾರ

ದೊಡ್ಡ ಶಾಲೆಯವರು ಇಂದು ಕರೆಸಿ, ನಿಮ್ಮ ಮಗಳು ಎರಡನೇ ತರಗತಿಯನ್ನು ಇನ್ನೊಂದು ವರ್ಷ ಓದಲಿ ಎಂದರು. ಪಾಠ ಮಾಡಿದರೆ ಗೋಡೆ ನೋಡುತ್ತಾಳಂತೆ, ಪ್ರಶ್ನೆ ಕೇಳಿದರೆ ಪಕ್ಕದವರ ಮುಖ ನೋಡುತ್ತಾಳಂತೆ. ಇಷ್ಟು ಹೇಳಿದ ಟೀಚರಿಗೆ ಅವಳ ಹೆಸರು ನೆನಪಾಗಲು ಹಾಜರಿ ಪುಸ್ತಕ ತಿರುವಿಹಾಕಬೇಕಾಯಿತು. ಐವತ್ತನಾಲ್ಕು ಮಕ್ಕಳ ಕ್ಲಾಸು, ಪಾಪ, ಅವರನ್ನು ಬೈದೇನು ಬಂತು.

ಮಗಳಿಗೆ ಎಡಗಿವಿ ಕೇಳುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಅದನ್ನು ಕಿತ್ತುಕೊಂಡು ಹೋಯಿತು. ಶಾಲೆಗೆ ಸೇರಿಸುವಾಗ ಇದನ್ನು ಹೇಳುವುದು ಬೇಡ ಎಂದು ತೀರ್ಮಾನಿಸಿದವನು ನಾನೇ. ಹೇಳಿದರೆ ಹಣೆಗೊಂದು ಚೀಟಿ ಅಂಟಿಸಿಬಿಡುತ್ತಾರೆ ಎಂಬ ಭಯ. ಅವಳಿಗೂ ಯಾರ ಹತ್ತಿರವೂ ಹೇಳಬೇಡ ಎಂದು ಕಲಿಸಿದೆ. ಈಗ ಬೇರೆ ಚೀಟಿ ಅಂಟಿದೆ, ದಡ್ಡಿ ಅಂತ.

ಹೆಂಡತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟಳು: ಹಿಂದಿನ ಬೀದಿಯ ಸಣ್ಣ ಸರ್ಕಾರಿ ಶಾಲೆಗೆ ಹಾಕೋಣ, ಅಲ್ಲಿ ಕ್ಲಾಸಿಗೆ ನಾಲ್ಕೋ ಐದೋ ಮಕ್ಕಳು. ನರ್ಸುಗಳಿಗೆ ಎಲ್ಲ ಕಾಯಿಲೆಗೂ ತಕ್ಷಣ ಮಾತ್ರೆ ಬೇಕು. ನಾನು ಹದಿನೇಳು ವರ್ಷದಿಂದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ಕೆಲಸ. ತೂಗದೆ ಏನನ್ನೂ ಒಪ್ಪಿದವನಲ್ಲ. ತಿಂಗಳ ಕೊನೆಯವರೆಗೆ ಸೇರಿಸಿಕೊಳ್ಳುತ್ತಾರೆ, ಮೊದಲು ಅಂಕಿ ಅಂಶ ನೋಡುತ್ತೇನೆ ಎಂದೆ.

ಜೂನ್ 5, ಬುಧವಾರ

ಪ್ರತಿ ಶಾಲೆಯ ವಿವರವನ್ನೂ ಶಿಕ್ಷಣ ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ, ಯಾರು ಬೇಕಾದರೂ ನೋಡಬಹುದು. ನೋಡಿದೆ. ಒಟ್ಟು ಮಕ್ಕಳು ಮೂವತ್ತೊಂದು. ಟೀಚರುಗಳು ಮೂವರು. ಕೋಣೆ ನಾಲ್ಕು, ಶೌಚಾಲಯ ಎರಡು, ಪುಸ್ತಕ ನಾನೂರ ಹನ್ನೆರಡು. ಇಷ್ಟರವರೆಗೆ ಉಸಿರಾಡುತ್ತಿದ್ದೆ.

ಮೂರನೇ ತರಗತಿಗೆ ವರ್ಷಕ್ಕೊಮ್ಮೆ ಹೊರಗಿನವರು ಬಂದು ಓದುವ ಪರೀಕ್ಷೆ ಮಾಡುತ್ತಾರೆ. ನಾಲ್ಕು ವರ್ಷದ ಫಲಿತಾಂಶ ಹೀಗಿದೆ: ಶೇಕಡ ನೂರು, ಐವತ್ತು, ಎಂಬತ್ತಮೂರು, ನಲವತ್ತು. ಇದೇನು ಶಾಲೆಯೋ ಉಯ್ಯಾಲೆಯೋ. ಕೆಳಗೊಂದು ಷರತ್ತು ಬೇರೆ: ಸತತ ಎರಡು ವರ್ಷ ಅರವತ್ತಕ್ಕಿಂತ ಕಡಿಮೆ ಬಂದರೆ ಆ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಲಾಗುವುದು. ಕಳೆದ ವರ್ಷ ನಲವತ್ತು. ಈ ವರ್ಷವೂ ಮುಗ್ಗರಿಸಿದರೆ ಮಗಳು ಸುತ್ತಿ ಬಳಸಿ ಮತ್ತೆ ಅದೇ ಐವತ್ತನಾಲ್ಕು ಮಕ್ಕಳ ನಡುವೆ ಗೋಡೆ ನೋಡುತ್ತಾ ಕೂರಬೇಕು.

ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದರೆ, "ಮದುವೆಗೆ ಮುಂಚೆ ನನ್ನ ಮಾರ್ಕ್ಸ್ ಕಾರ್ಡ್ ಕೂಡ ಹೀಗೇ ನೋಡಿದ್ರಾ?" ಅಂದಳು. ನೋಡಿದ್ದೆ. ಹೇಳಲಿಲ್ಲ.

ಜೂನ್ 9, ಭಾನುವಾರ

ನಾಲ್ಕು ವರ್ಷದ ಸಂಖ್ಯೆಗಳನ್ನು ನಕ್ಷೆಯಾಗಿ ಬರೆದೆ. ಕೊನೆಯ ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗೆ ಹೋಗಿದೆ, ಅದಕ್ಕೆ ಕೆಂಪು ಬಣ್ಣ ಕೊಟ್ಟೆ. ಬೀದಿಯವರ ಫೋನ್ ಗುಂಪಿಗೆ ಹಾಕಿದೆ. ನನ್ನದೊಂದು ಮಾತೂ ಸೇರಿಸಲಿಲ್ಲ. ಸಾರ್ವಜನಿಕ ಮಾಹಿತಿ, ಎಲ್ಲರ ಉಪಯೋಗಕ್ಕೆ. ಹನ್ನೊಂದು ಜನ ಹೆಬ್ಬೆರಳು ಎತ್ತಿದರು.

ಜೂನ್ 12, ಬುಧವಾರ

ಮೂಲೆಯಂಗಡಿಯ ದರ್ಜಿ ದಾರಿಯಲ್ಲಿ ತಡೆದು ಕೈ ಮುಗಿದ. ಅವನ ಮಗಳು ಆ ಸಣ್ಣ ಶಾಲೆಯಲ್ಲೇ ಓದುತ್ತಿದ್ದಳಂತೆ, ಈ ಸಲ ಮೂರನೇ ತರಗತಿ. ನನ್ನ ನಕ್ಷೆ ನೋಡಿ ನಿನ್ನೆ ಬಿಡಿಸಿ ದೊಡ್ಡ ಶಾಲೆಗೆ ಹಾಕಿದನಂತೆ. ಕಣ್ಣು ತೆರೆಸಿದಿರಿ ಸಾರ್ ಎಂದ. ಪ್ಯಾಂಟಿನ ಅಂಚು ಹೊಲಿದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಒಂದು ಒಳ್ಳೆಯ ಕೆಲಸ ಮಾಡಿದೆ ಎನಿಸಿತು. ಮಗಳನ್ನು ಎಲ್ಲಿಗೆ ಸೇರಿಸುವುದು ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಜೂನ್ 18, ಮಂಗಳವಾರ

ಗುಜರಿ ಗೋದಾಮಿನಲ್ಲಿ ಲಾರಿ ತೂಗುವ ಯಂತ್ರದ ತಪಾಸಣೆಗೆ ಹೋಗಿದ್ದೆ. ಅಲ್ಲಿಯ ಮ್ಯಾನೇಜರಿಗೆ ಯಂತ್ರ ಕೆಟ್ಟಿದೆ ಎಂದು ದೂರು. ತಾಮ್ರದ ತಂತಿಯ ಒಂದು ಚೀಲವನ್ನು ಅದರ ಮೇಲೆ ಇಡಿಸಿ, ಒಮ್ಮೆ ಇಪ್ಪತ್ತು ಕಿಲೋ ತೋರಿಸುತ್ತದೆ, ಒಮ್ಮೆ ನಲವತ್ತು, ಒಮ್ಮೆ ಸೊನ್ನೆ, ಇದು ತಕ್ಕಡಿಯೋ ಲಾಟರಿಯೋ ಎಂದು ಕೂಗಾಡಿದರು. ಯಂತ್ರದ ತಗಡಿನ ಮೇಲೆ ಕೆತ್ತಿದ್ದನ್ನು ಬೆರಳಿಟ್ಟು ತೋರಿಸಿದೆ: ಕನಿಷ್ಠ ತೂಕ ನಾನೂರು ಕಿಲೋ. ಅದಕ್ಕಿಂತ ಕಡಿಮೆಯದನ್ನು ಇದರ ಮೇಲಿಟ್ಟು ಬಂದ ಸಂಖ್ಯೆ ನಂಬುವುದು ನಿಮ್ಮ ತಪ್ಪು, ಯಂತ್ರದ್ದಲ್ಲ ಎಂದು ಗದರಿದೆ. ಹದಿನೇಳು ವರ್ಷದಲ್ಲಿ ಈ ಮಾತನ್ನು ಇನ್ನೂರು ಸಲವಾದರೂ ಹೇಳಿರಬೇಕು.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಆ ಮಾತು ಬಂದು ನನಗೇ ಹೊಡೆಯಿತು.

ಮನೆಗೆ ಬಂದವನೇ ವೆಬ್‌ಸೈಟ್ ತೆರೆದೆ. ಪರೀಕ್ಷೆಗೆ ಕೂತ ಮಕ್ಕಳ ಸಂಖ್ಯೆ ಬೇರೆ ಪುಟದಲ್ಲಿದೆ, ನಾನು ನೋಡಿಯೇ ಇರಲಿಲ್ಲ. ಶೇಕಡ ನೂರು ಬಂದ ವರ್ಷ ಮೂವರು ಮಕ್ಕಳು. ಐವತ್ತು ಬಂದ ವರ್ಷ ಇಬ್ಬರು. ಎಂಬತ್ತಮೂರು ಅಂದರೆ ಆರರಲ್ಲಿ ಐವರು. ನಲವತ್ತು ಅಂದರೆ ಐವರಲ್ಲಿ ಇಬ್ಬರು. ಒಂದು ಮಗುವಿಗೆ ಅಂದು ಹಲ್ಲುನೋವು ಬಂದರೆ ಇಪ್ಪತ್ತು ಅಂಕಿ ಉರುಳುತ್ತದೆ. ಇದಕ್ಕೆ ನಾನು ನಕ್ಷೆ ಬರೆದೆ. ಕೆಂಪು ಬಣ್ಣ ಕೊಟ್ಟೆ.

ನಾಳೆಗೆ ರಜೆ ಚೀಟಿ ಬರೆದಿಟ್ಟೆ.

ಜೂನ್ 19, ಬುಧವಾರ

ರಜೆ ಹಾಕಿ ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ದೊಡ್ಡ ಟೀಚರ್ ಅನ್ನುತ್ತಾರೆ, ಆಳು ಮಾತ್ರ ಐದಡಿ ಇರಲಿಕ್ಕಿಲ್ಲ. ಕಳೆದ ವರ್ಷ ಓದದ ಮೂವರು ಯಾರು ಎಂದು ಕೇಳಿದೆ. ಹಾಜರಿ ಪುಸ್ತಕ ತೆಗೆದು ತೋರಿಸಿದರು. ಒಬ್ಬನ ತಂದೆ ಕಟ್ಟಡದ ಕೆಲಸ ಸಿಕ್ಕಿದಲ್ಲಿಗೆ ಹೋಗುವವನು, ಮಗುವನ್ನು ಮೂರು ತಿಂಗಳು ಜೊತೆಗೆ ಕರೆದುಕೊಂಡು ಹೋಗಿದ್ದ. ಇನ್ನೊಬ್ಬಳು ಬೇರೆ ಭಾಷೆಯವಳು, ಪರೀಕ್ಷೆಗೆ ಐದು ವಾರ ಮುಂಚೆ ಸೇರಿದವಳು.

"ಮೂರನೇದು ನನ್ನ ತಪ್ಪು," ಎಂದರು. "ಆ ಮಗೂಗೆ ಅಕ್ಷರ ಬರಲ್ಲ ಅಂತ ನನಗೆ ತಡವಾಗಿ ಗೊತ್ತಾಯ್ತು."

ತಪ್ಪನ್ನು ಹೀಗೆ ಒಪ್ಪಿಕೊಳ್ಳುವ ಅಂಗಡಿಯವರನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ. ಈಗ ಮೂರನೇ ತರಗತಿಯಲ್ಲಿ ಎಷ್ಟು ಜನ ಎಂದೆ. ನಾಲ್ವರಿದ್ದರು, ದರ್ಜಿ ಮಗಳು ಹೋದ ಮೇಲೆ ಮೂವರು ಎಂದು ಹೇಳಿ ಸ್ವಲ್ಪ ಹೊತ್ತು ಪುಸ್ತಕಗಳನ್ನು ಜೋಡಿಸಿದರು. ಆಮೇಲೆ, "ನಕ್ಷೆ ಚೆನ್ನಾಗಿ ಬರೆದಿದ್ದೀರಿ," ಎಂದರು. ಅದರಲ್ಲಿ ಕೊಂಕೇ ಇರಲಿಲ್ಲ, ಅದಕ್ಕೇ ತಲೆ ಎತ್ತಲಾಗಲಿಲ್ಲ.

ಹೊರಡುವಾಗ ಮಗಳ ಕಿವಿಯ ವಿಷಯ ಹೇಳಿಬಿಟ್ಟೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಯಾವ ಕಡೆ ಎಂದು ಮಾತ್ರ ಕೇಳಿದರು. ಮೂರನೇ ತರಗತಿಗೇ ಕರೆತನ್ನಿ ಎಂದರು.

ಜೂನ್ 21, ಶುಕ್ರವಾರ

ದರ್ಜಿಯ ಹತ್ತಿರ ಹೋಗಿ ನನ್ನ ಲೆಕ್ಕ ತಪ್ಪಾಯಿತು, ಮಗಳನ್ನು ವಾಪಸು ಸೇರಿಸು ಎಂದು ಬೇಡಿಕೊಂಡೆ. ಹೊಲಿಗೆ ನಿಲ್ಲಿಸದೆಯೇ ಕೇಳಿಸಿಕೊಂಡ.

"ನೀವು ತೆಗಿ ಅಂದ್ರೆ ತೆಗೆಯೋಕೆ, ಹಾಕು ಅಂದ್ರೆ ಹಾಕೋಕೆ ಅದೇನು ಗುಂಡೀನಾ ಸಾರ್? ನಿಮ್ಮ ಮಗಳನ್ನ ಹಾಕಿದ್ದೀರಾ ಅಲ್ಲಿಗೆ?"

ಇಲ್ಲ ಎಂದೆ. ಗುಂಪಿನಲ್ಲಿ ತಿದ್ದುಪಡಿ ಹಾಕಿದೆ, ಒಂದೊಂದು ಮಗುವಿಗೆ ಒಂದೊಂದು ಚುಕ್ಕಿ ಇಟ್ಟು. ಇಬ್ಬರು ನೋಡಿದರು. ಕೆಂಪು ಗೆರೆಗೆ ಇದ್ದ ಬೆಲೆ ಚುಕ್ಕಿಗೆ ಇಲ್ಲ.

ಜೂನ್ 28, ಶುಕ್ರವಾರ

ಸೇರಿಸಿದೆ. ಬೆಳಿಗ್ಗೆಯಿಂದ ಎರಡು ಸಲ ವಾಂತಿ, ನನಗೆ.

ಜುಲೈ 20, ಶನಿವಾರ

ಮಗಳು ಮನೆಗೆ ಬಂದ ಮೇಲೆ ಮಾತು ನಿಲ್ಲಿಸುವುದಿಲ್ಲ, ತಲೆನೋವು. ಕ್ಲಾಸಿನಲ್ಲಿ ಅವಳು ಬಿಟ್ಟರೆ ಅವಳಿ ಅಕ್ಕತಂಗಿಯರು, ಇನ್ನೊಬ್ಬಳು ಇಸ್ತ್ರಿ ಅಂಗಡಿಯವಳ ಮಗಳು. ಇಸ್ತ್ರಿಯವಳ ಮಗಳಿಗೆ ಎಲ್ಲರೂ ಮೈಕು ಅನ್ನುತ್ತಾರಂತೆ. ಅವಳು ಬೀದಿಯ ಈ ತುದಿಯಲ್ಲಿ ಗುಟ್ಟು ಹೇಳಿದರೆ ಆ ತುದಿಯವರು ಉತ್ತರ ಕೊಡಬಹುದು. ದೊಡ್ಡ ಟೀಚರ್ ಅವಳನ್ನು ಮಗಳ ಬಲಕ್ಕೆ ಕೂರಿಸಿದ್ದಾರೆ. ಕೇಳದ್ದನ್ನೆಲ್ಲ ಮೈಕು ಇನ್ನೊಂದು ಸಲ ಪ್ರಸಾರ ಮಾಡುತ್ತಾಳೆ.

ಅದೆಲ್ಲ ಸರಿ, ಓದು? ಸಂಜೆ ಗಡಿಯಾರ ಹಿಡಿದು ಓದಿಸಿದೆ. ಹತ್ತು ಸಾಲಿಗೆ ನಾಲ್ಕೂವರೆ ನಿಮಿಷ. ಪರೀಕ್ಷೆಯಲ್ಲಿ ಕೊಡುವುದು ಮೂರು. ನಾಲ್ಕನೇ ಸಾಲಿಗೆ ಬಂದಾಗ ಹೆಂಡತಿ ಗಡಿಯಾರವನ್ನು ಕಿತ್ತುಕೊಂಡು ಹೋಗಿ ಬೀರುವಿನಲ್ಲಿಟ್ಟಳು. ಉಳಿದದ್ದನ್ನು ಮನಸ್ಸಿನಲ್ಲೇ ಎಣಿಸಿದೆ.

ಆಗಸ್ಟ್ 8, ಗುರುವಾರ

ಹದಿಮೂರನೇ ತಾರೀಕು ಪರೀಕ್ಷೆ. ಸುತ್ತೋಲೆ ಬಂದಿದೆ.

ಲೆಕ್ಕ ಹಾಕಿ ಹಾಕಿ ಹಾಳೆ ಹರಿಯಿತು. ಮೈಕು ಓದುತ್ತಾಳೆ, ಕ್ಲಾಸಿಗೇ ಮುಂದು. ಅವಳಿಗಳಲ್ಲಿ ದೊಡ್ಡವಳು ಓದುತ್ತಾಳೆ. ಚಿಕ್ಕವಳು ಅಕ್ಕನ ಹಿಂದೆ ತುಟಿ ಆಡಿಸುವುದಷ್ಟೇ. ಮೂವರಲ್ಲಿ ಇಬ್ಬರು ಅಂದರೆ ಅರವತ್ತೇಳು, ಶಾಲೆ ಉಳಿಯುತ್ತದೆ. ನನ್ನ ಮಗಳು ಕೂತು ಓದದಿದ್ದರೆ ನಾಲ್ವರಲ್ಲಿ ಇಬ್ಬರು, ಐವತ್ತು. ನಮ್ಮ ಶಾಲೆ ಮುಚ್ಚುತ್ತದೆ. ಚೆನ್ನಾಗಿ ಓದುವ ದರ್ಜಿಯ ಮಗಳು ಇದ್ದಿದ್ದರೆ ಐವರಲ್ಲಿ ಮೂವರು, ಸರಿಯಾಗಿ ಅರವತ್ತು. ಅವಳನ್ನು ಓಡಿಸಿದವನು ನಾನು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಸುತ್ತೋಲೆಯ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಅಂದು ಗೈರುಹಾಜರಾದ ಮಗುವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಅದನ್ನು ಎಷ್ಟು ಸಲ ಓದಿದೆನೋ.

ಆಗಸ್ಟ್ 13, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಇದನ್ನು ಬೇರೆ ಯಾರೂ ಓದುವುದಿಲ್ಲ.

ಬೆಳಿಗ್ಗೆ ಮಗಳ ಹಣೆ ಮುಟ್ಟಿ, ಮೈ ಬಿಸಿ ಇದೆ, ಇವತ್ತು ಶಾಲೆ ಬೇಡ ಎಂದೆ. ಅವಳು ಆಗಲೇ ಎರಡು ಜಡೆ ಹೆಣೆಸಿಕೊಂಡು ಚೀಲ ಹೆಗಲಿಗೆ ಹಾಕಿ ನಿಂತಿದ್ದಳು. ಹೆಂಡತಿ ಒಳಗಿನಿಂದ ಬಂದು ಮಗಳ ಬಾಯಿಗೆ ಥರ್ಮಾಮೀಟರ್ ಇಟ್ಟಳು. ತೆಗೆದು ತಾನು ನೋಡದೆ ನನ್ನ ಕೈಗೆ ಕೊಟ್ಟಳು.

"ಓದಿ ಹೇಳಿ ಇನ್‌ಸ್ಪೆಕ್ಟರೇ."

ಜ್ವರ ಇರಲಿಲ್ಲ. ಇಲ್ಲ ಎಂದೆ. ತೂಕದ ಕಲ್ಲನ್ನು ಕೆರೆದು ಹಗುರ ಮಾಡಿದ ಎಷ್ಟು ಜನರ ಮೇಲೆ ಕೇಸು ಹಾಕಿದ್ದೇನೆ, ಅವರಿಗೆಲ್ಲ ನನ್ನಷ್ಟು ಪ್ರೀತಿಯ ಕಾರಣ ಇತ್ತೋ ಏನೋ. ನಾಚಿಕೆಯಾಯಿತು. ಕೈ ಹಿಡಿದು ಕರೆದುಕೊಂಡು ಹೋದೆ.

ಪೋಷಕರು ಜಗಲಿಯಲ್ಲಿ ಕೂರಬಹುದು ಎಂದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಪರೀಕ್ಷಕರು ಹೊರಗಿನವರು, ಇನ್ನೂ ನಾಲ್ಕು ಶಾಲೆಗೆ ಹೋಗುವ ಅವಸರದಲ್ಲಿದ್ದರು. ದೊಡ್ಡ ಟೀಚರನ್ನು ಹೊರಗೆ ಕಳಿಸಿದ್ದರು, ಅದು ನಿಯಮ. ಅವಳಿಗಳು ಮುಗಿಸಿದರು, ಅವರ ಮೆಲುದನಿ ಜಗಲಿಗೆ ಕೇಳಲಿಲ್ಲ. ಮಗಳ ಸರದಿ. ಹತ್ತು ಸಾಲನ್ನು ಓದಿದಳು, ನಿಧಾನಕ್ಕೆ, ಬೆರಳಿಟ್ಟು. ಸಮಯಕ್ಕೆ ಮುಗಿಯಿತು. ಆಮೇಲೆ ಓದಿದ್ದರ ಮೇಲೆ ಎರಡು ಪ್ರಶ್ನೆ. ಪರೀಕ್ಷಕರು ಕೂತದ್ದು ಅವಳ ಎಡಕ್ಕೆ. ತಲೆ ಬಗ್ಗಿಸಿ ಬರೆಯುತ್ತಲೇ ಕೇಳಿದರು. ಮಗಳು ಗೋಡೆ ನೋಡಿದಳು. ಮತ್ತೊಮ್ಮೆ ಕೇಳಿದರು. ಮತ್ತೆ ಗೋಡೆ. ಕೂಗಿ ಹೇಳಬಹುದಿತ್ತು. ಪೋಷಕರು ಮಾತಾಡಿದರೆ ಪರೀಕ್ಷೆ ರದ್ದು ಎಂದಿದ್ದರು. ಸುಮ್ಮನಿದ್ದೆ.

ಮೈಕು ಎದ್ದು ನಿಂತಳು. "ಸಾರ್, ಅವಳಿಗೆ ಆ ಕಿವಿ ಕೇಳಲ್ಲ. ಈ ಕಡೆ ಬಂದು ಕೇಳಿ."

ಪರೀಕ್ಷಕರು ಬೆಂಚಿಗೆ ಪೆನ್ನು ಬಡಿದು ಗದರಿದರು. ಇನ್ನೊಂದು ಸಲ ಬಾಯಿ ತೆಗೆದರೆ ಹೊರಗೆ ನಿಲ್ಲಿಸುತ್ತೇನೆ ಎಂದರು. ಆದರೂ ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡರು. ಮಗಳು ಎರಡಕ್ಕೂ ಉತ್ತರ ಹೇಳಿದಳು. ಎರಡಕ್ಕೂ!

ಹೆಂಡತಿಗೆ ಫೋನ್ ಮಾಡಲು ಗೇಟಿನ ಹತ್ತಿರ ಓಡಿದೆ. ಫೋನಿನಲ್ಲಿ ಅತ್ತೆನೋ ನಕ್ಕೆನೋ ನೆನಪಿಲ್ಲ. ಉಳಿದದ್ದು ಮೈಕು ಒಬ್ಬಳದೇ ಸರದಿ, ಅದರ ಚಿಂತೆ ಯಾರಿಗೆ.

ಆಗಸ್ಟ್ 27, ಮಂಗಳವಾರ

ಎಪ್ಪತ್ತೈದು! ನಾಲ್ವರಲ್ಲಿ ಮೂವರು. ವೆಬ್‌ಸೈಟಿನಲ್ಲಿ ಶಾಲೆಯ ಮುಂದೆ ಹಸಿರು ಗುರುತು ಬಂದಿದೆ. ನನ್ನ ಹಳೆಯ ನಕ್ಷೆಗೆ ದರ್ಜಿ ಹೊಸ ಗೆರೆ ಎಳೆದು ಗುಂಪಿಗೆ ಹಾಕಿದ್ದಾನೆ, ಹದಿನೆಂಟು ಹೆಬ್ಬೆರಳು. ಚಿಕ್ಕ ಅವಳಿ ಪಾಪ ಓದಲಿಲ್ಲ ಅಂತ ಕಾಣುತ್ತದೆ ಎಂದು ಊಟಕ್ಕೆ ಕೂತಾಗ ಹೇಳಿದೆ.

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅವಳು ಓದಿದ್ಲು. ಮೈಕು ಓದಲಿಲ್ಲ. ಸಾರ್ ಬೈದ್ರಲ್ಲ, ಬಾಯೇ ಬಿಡಲಿಲ್ಲ."

ಆಗಸ್ಟ್ 29, ಗುರುವಾರ

ಅಂಗಿಗಳನ್ನು ತರುವ ನೆಪದಲ್ಲಿ ಇಸ್ತ್ರಿ ಅಂಗಡಿಗೆ ಹೋದೆ. ಮೈಕು ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು, ಉಸಿರೆತ್ತಲಿಲ್ಲ. ಅವಳ ಅಮ್ಮ ನನ್ನನ್ನು ನೋಡಿ ಒಂದು ಚೀಟಿ ತಂದಳು. ಅವಳಿಗೆ ಓದಲು ಬರುವುದಿಲ್ಲ. ಮಗಳೇ ಎಲ್ಲ ಕಾಗದವನ್ನೂ ಓದಿ ಹೇಳುವವಳು, ಇದೊಂದನ್ನು ಓದು ಅಂದರೆ ಓಡಿಹೋಗುತ್ತಾಳೆ ಎಂದಳು. ನಾನು ಓದಿದೆ. ಮೂರನೇ ತರಗತಿಯ ಓದಿನ ಮಟ್ಟ: ತಲುಪಿಲ್ಲ.

"ಅಂದ್ರೆ ನನ್ನ ಮಗಳಿಗೆ ಓದಕ್ಕೆ ಬರಲ್ವಾ ಸಾರ್? ಇಷ್ಟು ದಿನ ನನಗೆ ಸುಳ್ಳು ಓದಿ ಹೇಳ್ತಿದ್ಲಾ?"

ಚೀಟಿ ತಪ್ಪು ಎಂದೆ. ನಡೆದದ್ದನ್ನೆಲ್ಲ ಹೇಳಿದೆ, ನಾನು ಜಗಲಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದನ್ನೂ ಸೇರಿಸಿ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೇಳಿದಳು, "ಹಂಗಾದ್ರೆ ನಿಮ್ಮ ಮಗಳ ಚೀಟಿ?"

ಅದರಲ್ಲಿ ಅರ್ಧ ನಿಮ್ಮ ಮಗಳದ್ದು ಎಂದೆ. ಅವಳು ಅಂಗಿಗಳನ್ನು ಕಟ್ಟಿ ಕೊಟ್ಟಳು.

ಅಲ್ಲಿಂದ ನೇರ ಶಾಲೆಗೆ. ದೊಡ್ಡ ಟೀಚರಿಗೆ ಎಲ್ಲ ಗೊತ್ತಿತ್ತು, ಮರುಪರೀಕ್ಷೆಯ ನಿಯಮ ಹೇಳಿದರು. ಶಾಲೆಯವರು ದೂರು ಕೊಡುವ ಹಾಗಿಲ್ಲ, ಕಣ್ಣಾರೆ ಕಂಡ ಪೋಷಕರು ಕೊಡಬಹುದು. ಆದರೆ ಒಂದು ಮಗುವಿಗೆ ಮಾತ್ರ ಮರುಪರೀಕ್ಷೆ ಇಲ್ಲ. ಈ ಫಲಿತಾಂಶವನ್ನು ತೆಗೆದುಹಾಕಿ ನಾಲ್ವರನ್ನೂ ಹೊಸದಾಗಿ ಕೂರಿಸುತ್ತಾರೆ. ಇಬ್ಬರು ತಪ್ಪಿದರೆ ಐವತ್ತು.

"ಹಸಿರು ಗುರುತು ಬಂದಿದೆ," ಎಂದರು. "ನಾನು ಕೊಡಿ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಮನೇಲಿ ಕೇಳಿ."

ಮನೆಯಲ್ಲಿ ಕೇಳಿದೆ. ಹೆಂಡತಿ ದೀಪ ಆರಿಸಿ ಮಲಗಿದಳು, ಕತ್ತಲಲ್ಲೇ, ಅರ್ಜಿ ಬರೆಯುವಾಗ ಇಸವಿ ತಪ್ಪು ಹಾಕಬೇಡಿ, ಯಾವಾಗಲೂ ಹಾಕುತ್ತೀರಿ ಎಂದಳು.

ಆಗಸ್ಟ್ 30, ಶುಕ್ರವಾರ

ಅರ್ಜಿ ಕೊಟ್ಟು ಬಂದೆ. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎಪ್ಪತ್ತೈದು ಬಂದಿರುವಾಗ ಯಾಕೆ ಕೆದಕುತ್ತೀರಿ, ನಿಮ್ಮ ಮಗು ಪಾಸಲ್ಲವೇ ಎಂದ. ಮೈಕುವಿನ ಹೆಸರಿನ ಪಕ್ಕ, ದೂರುದಾರರಿಗೂ ವಿದ್ಯಾರ್ಥಿಗೂ ಸಂಬಂಧ ಎಂಬ ಕಾಲಂ ಖಾಲಿ ಬಿಟ್ಟಿದ್ದೆ. ತುಂಬಿಸಿ ಎಂದ. ಸಹಪಾಠಿಯ ತಂದೆ ಎಂದು ಬರೆದೆ. ಅಂಥ ಸಂಬಂಧ ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಗೊಣಗಿಕೊಂಡೇ ಸೀಲು ಹೊಡೆದ.

ಹೊಸ ಪರೀಕ್ಷಕರು ಹೇಗೋ, ಅವಳಿಗಳಲ್ಲಿ ಚಿಕ್ಕವಳಿಗೆ ಮತ್ತೆ ಧೈರ್ಯ ಬರುತ್ತದೋ ಇಲ್ಲವೋ, ಮೈಕು ಬಾಯಿ ಬಿಡುತ್ತಾಳೋ ಇಲ್ಲವೋ. ನಾಲ್ವರ ಚಿಂತೆಯನ್ನೂ ಸರದಿ ಪ್ರಕಾರ ಮಾಡಿ ಮುಗಿಸುವಷ್ಟರಲ್ಲಿ ಮನೆ ಬಂತು.

ಮಗಳಿಗೆ ಹೇಳಬೇಕಿತ್ತು. ಹೇಗೆ ಶುರು ಮಾಡುವುದೆಂದು ತಿಳಿಯದೆ, ಎಲ್ಲರೂ ಇನ್ನೊಂದು ಸಲ ಓದಬೇಕಂತೆ ಎಂದೆ. ಭಯವೇ ಎಂದು ಕೇಳಿದೆ. ಅವಳು ಜಡೆ ಬಿಚ್ಚಿಸಿಕೊಳ್ಳುತ್ತಾ ಕೂತಿದ್ದಳು, ಯೋಚಿಸಿದಳು.

"ಮೈಕು ಮೊದಲು ಓದಲಿ ಅಪ್ಪ, ಆಮೇಲೆ ನಾನು," ಎಂದಳು. "ಅವಳು ಈ ಸಲ ಎದ್ದು ನಿಲ್ಲೋದು ಬೇಡ. ಕಿವಿ ವಿಷಯ ನಾನೇ ಹೇಳ್ತೀನಿ."